ದೆಹಲಿ, ಕೋಲ್ಕತ್ತ, ಹೈದರಾಬಾದ್: ನಿಮ್ಮ ಪ್ರವಾಸಕ್ಕೆ ಯಾವ ಮ್ಯೂಸಿಯಂ?

ಪ್ರವಾಸದಲ್ಲಿ ಮ್ಯೂಸಿಯಂಗೆ ಅಂತ ಸಿಗುವುದು ಅರ್ಧ ದಿನ. ಕೋಟೆ, ದೇವಸ್ಥಾನ, ಸೀರೆ ಅಂಗಡಿ, ಊಟ ಎಲ್ಲ ಮುಗಿದು ಉಳಿದ ಹೊತ್ತು ಅದು. ಆ ಅರ್ಧ ದಿನ ಚೆನ್ನಾಗಿ ಹೋದರೆ ಎಷ್ಟೋ ವರ್ಷ ನೆನಪಿರುತ್ತದೆ. ಇಲ್ಲದಿದ್ದರೆ ಕಾಲುನೋವು ಮಾತ್ರ ಉಳಿಯುತ್ತದೆ. ಹಾಗಾಗಿ ಯಾವ ಊರಿನ ಮ್ಯೂಸಿಯಂ, ಅಲ್ಲಿ ಏನು ನೋಡುವುದು ಅಂತ ಮನೆಯಲ್ಲೇ ಕೂತು ತೀರ್ಮಾನ ಮಾಡಿಕೊಂಡು ಹೊರಡುವುದು ಒಳ್ಳೆಯದು.

ಇಲ್ಲಿ ಮೂರನ್ನು ಹೋಲಿಸಿದ್ದೇನೆ. ದೆಹಲಿಯ ನ್ಯಾಷನಲ್ ಮ್ಯೂಸಿಯಂ, ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ. ಮೂರೂ ಕೇಂದ್ರದ ಸಂಸ್ಕೃತಿ ಸಚಿವಾಲಯದ ಕೆಳಗೆ ಬರುತ್ತವೆ. ಆದರೆ ಮೂರೂ ಹುಟ್ಟಿದ ರೀತಿ ಬೇರೆ ಬೇರೆ. ದೆಹಲಿಯದು ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶ ತನಗಾಗಿ ಕಟ್ಟಿಕೊಂಡದ್ದು. ಕೋಲ್ಕತ್ತದ್ದು ಕಂಪನಿ ಸರ್ಕಾರದ ಕಾಲದ ವಿದ್ವಾಂಸರು ಕಂಡದ್ದೆಲ್ಲ ಕೂಡಿಹಾಕಿದ್ದು. ಹೈದರಾಬಾದಿನದು ಒಂದು ಮನೆತನ ಆಸೆಪಟ್ಟು ಕೊಂಡದ್ದು. ಒಳಗೆ ಹೋದಾಗ ಸಿಗುವ ಅನುಭವ ಬೇರೆಯಾಗುವುದು ಇದರಿಂದಲೇ. ದೊಡ್ಡದು ಯಾವುದು, ಹೆಸರುವಾಸಿ ಯಾವುದು ಅಂತ ನೋಡಬೇಡಿ. ನಿಮಗೆ ಯಾವುದರ ಮುಂದೆ ಹತ್ತು ನಿಮಿಷ ನಿಲ್ಲಬೇಕು ಅನ್ನಿಸುತ್ತದೆ ಅನ್ನುವುದನ್ನು ನೋಡಿ.

ದೆಹಲಿ: ಮೊದಲಿನಿಂದ ಕೊನೆಯವರೆಗೆ ಒಂದೇ ಕಥೆ

1947ರ ಕೊನೆಯಿಂದ 1948ರವರೆಗೆ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಭಾರತದ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ಅದಕ್ಕಾಗಿ ದೇಶದ ಬೇರೆ ಬೇರೆ ಮ್ಯೂಸಿಯಂಗಳಿಂದ ಒಳ್ಳೊಳ್ಳೆಯ ವಸ್ತುಗಳನ್ನು ಆರಿಸಿ ಹಡಗು ಹತ್ತಿಸಿದ್ದರು. ಅವು ವಾಪಸ್ ಬಂದಾಗ ಒಂದು ಯೋಚನೆ ಹುಟ್ಟಿತು. ಹೇಗೂ ಒಂದು ಕಡೆ ಸೇರಿವೆ, ಮತ್ತೆ ಚದುರಿಸುವುದೇಕೆ? 1949ರ ಆಗಸ್ಟ್ 15ರಂದು ರಾಷ್ಟ್ರಪತಿ ಭವನದ ಕೋಣೆಗಳಲ್ಲೇ ಮ್ಯೂಸಿಯಂ ಶುರುವಾಯಿತು. ಜನಪಥದ ಈಗಿನ ಕಟ್ಟಡ ತೆರೆದದ್ದು 1960ರ ಡಿಸೆಂಬರ್‌ನಲ್ಲಿ. ಅದನ್ನು ಉದ್ಘಾಟಿಸಿದವರು ಆಗ ಉಪರಾಷ್ಟ್ರಪತಿಯಾಗಿದ್ದ ಎಸ್. ರಾಧಾಕೃಷ್ಣನ್. ಒಂದು ಕಾಲಕ್ಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು ಅವರು.

ಕಟ್ಟಡ ದುಂಡಗಿದೆ. ನಡುವೆ ಅಂಗಳ, ಸುತ್ತ ಗ್ಯಾಲರಿಗಳು. ನೆಲಮಹಡಿಯಲ್ಲಿ ಹರಪ್ಪದಿಂದ ಹೊರಟು ಮೌರ್ಯ, ಶುಂಗ, ಕುಶಾನ, ಗುಪ್ತ ಅಂತ ಕಾಲದ ಪ್ರಕಾರ ಸುತ್ತಿಕೊಂಡು ಬರಬಹುದು. ಶಾಲೆಯಲ್ಲಿ ಓದಿದ ಇತಿಹಾಸವೇ ಸಾಲಾಗಿ ಎದುರಿಗೆ ಬರುತ್ತದೆ. ಮಗುವಿಗೆ ಹೇಳಿಕೊಡೋದಕ್ಕೆ ಇಷ್ಟು ಸಲೀಸಾದ ಜಾಗ ಇನ್ನೊಂದಿಲ್ಲ.

ಇಲ್ಲಿಗೆ ಬಂದವರೆಲ್ಲ ಹುಡುಕುವುದು ಮೊಹೆಂಜೊದಾರೊದ ನರ್ತಕಿಯನ್ನು. ಮೊದಲ ಸಲ ನೋಡಿದವರಿಗೆಲ್ಲ ಒಂದೇ ಆಶ್ಚರ್ಯ: ಇಷ್ಟು ಚಿಕ್ಕದಾ! ಪುಸ್ತಕದ ಚಿತ್ರದಲ್ಲಿ ಆಳೆತ್ತರದ ಮೂರ್ತಿ ಅನ್ನಿಸಿರುತ್ತದೆ. ನಿಜವಾಗಿ 10.5 ಸೆಂಟಿಮೀಟರ್, ಒಂದು ಗೇಣೂ ಇಲ್ಲ. 1926ರಲ್ಲಿ ಅಗೆತದಲ್ಲಿ ಸಿಕ್ಕಿದ್ದು. ಮೇಣದಲ್ಲಿ ಗೊಂಬೆ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಕಂಚು ಎರೆದು ಮಾಡಿದ್ದಾರೆ. ಸುಮಾರು 4500 ವರ್ಷದ ಹಿಂದೆ! ಗಾಜಿನ ಹತ್ತಿರ ಹೋಗಿ ಅವಳ ಕೈ ನೋಡಿ. ಎಡಗೈಗೆ ಭುಜದಿಂದ ಮಣಿಕಟ್ಟಿನವರೆಗೂ ಬಳೆ. ಬಲಗೈಗೆ ನಾಲ್ಕೇ ನಾಲ್ಕು. ಬಲಗೈ ಸೊಂಟದ ಮೇಲೆ, ತಲೆ ಸ್ವಲ್ಪ ಹಿಂದಕ್ಕೆ, ತುರುಬು ಭುಜದ ಕಡೆ ಇಳಿದಿದೆ. ನಮ್ಮ ಕಡೆ ಸಂತೆಗೆ ಬರುವ ಲಂಬಾಣಿ ಅಜ್ಜಿಯರ ತೋಳು ನೆನಪಾಗದೆ ಇರುವುದಿಲ್ಲ. ಅವಳಿಗೆ ನರ್ತಕಿ ಅಂತ ಹೆಸರಿಟ್ಟವರು ಅಗೆದು ತೆಗೆದವರು. ಆ ನಿಲುವು ನೋಡಿದರೆ ನನಗಂತೂ ಕುಣಿಯುವವಳು ಅನ್ನಿಸಲಿಲ್ಲ, ಯಾರಿಗೋ ಜವಾಬು ಕೊಡೋಕೆ ನಿಂತವಳು ಅನ್ನಿಸಿತು.

ಇನ್ನೊಂದು ವಸ್ತುವನ್ನು ದಯವಿಟ್ಟು ಬಿಡಬೇಡಿ. ಅದು ಒಂದು ಚಿನ್ನದ ಸರ. ಅದೂ ಮೊಹೆಂಜೊದಾರೊದ್ದೇ. ದೇಶ ಎರಡಾದಾಗ ಅಗೆತದ ವಸ್ತುಗಳೂ ಪಾಲಾದವು. ಗಡ್ಡದ ಪುರೋಹಿತನ ಮೂರ್ತಿ ಪಾಕಿಸ್ತಾನಕ್ಕೆ ಹೋಯಿತು. ನರ್ತಕಿ ಇಲ್ಲೇ ಉಳಿದಳು. ಈ ಸರವನ್ನು ಮಾತ್ರ ಯಾರಿಗೆ ಕೊಡುವುದು? ಬಿಚ್ಚಿ, ಮಣಿಗಳನ್ನು ಎಣಿಸಿ, ಅರ್ಧರ್ಧ ಹಂಚಿಕೊಂಡರು. ಭಾರತದ ಪಾಲಿಗೆ ಬಂದದ್ದು ದೆಹಲಿಯಲ್ಲಿದೆ. ನಮ್ಮ ಅಮ್ಮನಿಗೆ ಇದನ್ನು ಹೇಳಿದಾಗ ಅವರು ಸುಮ್ನೆ ನಿಂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, ‘ನಮ್ಮಜ್ಜಿ ಅವಲಕ್ಕಿ ಸರಾನೂ ಹೀಗೇ ಹಿಸ್ಸೆ ಮಾಡಿದ್ರು’ ಅಂದರು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡದ್ದನ್ನು ಕಂಡವರಿಗೆ ಆ ಸರ ಬೇಗ ಅರ್ಥವಾಗುತ್ತದೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಸಂತೋಷವಿದೆ. ಐಹೊಳೆಯಿಂದ ಬಂದ ಗಂಧರ್ವ ಜೋಡಿ. ಏಳನೇ ಶತಮಾನದ ಚಾಲುಕ್ಯರ ಕೆಲಸ. ಇಬ್ಬರೂ ಗಾಳಿಯಲ್ಲಿ ಹಾರುತ್ತಿದ್ದಾರೆ. ಅಷ್ಟು ಭಾರದ ಕಲ್ಲು ಹಗುರಾಗಿ ಕಾಣುತ್ತದೆ. ಬಾಗಲಕೋಟೆ ಕಡೆಯವರಾದರೆ ಎದೆ ತುಂಬಿ ಬರುತ್ತದೆ. ಇದು ಅಲ್ಲೇ ಇರಬೇಕಿತ್ತು ಅಂತಲೂ ಅನ್ನಿಸುತ್ತದೆ. ಎರಡೂ ನಿಜವೇ.

ದೆಹಲಿಯ ತೊಂದರೆ ಅಂದರೆ ಜಾಸ್ತಿ ಇರುವುದು. ಸಂಗ್ರಹದಲ್ಲಿ ಸುಮಾರು 2 ಲಕ್ಷ ವಸ್ತುಗಳಿವೆ. ಪ್ರದರ್ಶನಕ್ಕಿಟ್ಟದ್ದು ಅದರಲ್ಲಿ ಸ್ವಲ್ಪವೇ, ಆದರೂ ನಾಣ್ಯ, ಆಯುಧ, ಚಿಕಣಿ ವರ್ಣಚಿತ್ರ, ಮಧ್ಯ ಏಷ್ಯಾದ ಭಿತ್ತಿಚಿತ್ರ ಅಂತ ಮೂರು ಮಹಡಿ ತುಂಬಿದೆ. ಯಾವಾಗಲೂ ಒಂದೆರಡು ಗ್ಯಾಲರಿ ರಿಪೇರಿಗೆ ಅಂತ ಮುಚ್ಚಿರುತ್ತವೆ. ಹಾಗಾಗಿ ಹರಪ್ಪ ಗ್ಯಾಲರಿ, ಆಭರಣ, ಚೋಳರ ಕಂಚು, ದಕ್ಷಿಣದ ಮರದ ತೇರು, ಇಷ್ಟನ್ನು ಮೊದಲು ನೋಡಿ. ಉಳಿದದ್ದು ಕಾಲಿಗೆ ಶಕ್ತಿ ಇದ್ದರೆ.

ಕೋಲ್ಕತ್ತ: ಕಲ್ಲಿನಲ್ಲಿ ಕಥೆ ಓದುವವರಿಗೆ

ಬಂಗಾಳಿಗಳು ಇದನ್ನು ಜಾದೂಘರ್ ಅನ್ನುತ್ತಾರೆ. 1814ರಲ್ಲಿ ಏಷ್ಯಾಟಿಕ್ ಸೊಸೈಟಿ ಅನ್ನುವ ವಿದ್ವಾಂಸರ ಸಂಘ ಇದನ್ನು ಶುರು ಮಾಡಿತು. ಅದಕ್ಕೆ ಮುಂದಾದವರು ನಥಾನಿಯಲ್ ವಾಲಿಚ್ ಅನ್ನುವ ಡೆನ್ಮಾರ್ಕಿನ ಸಸ್ಯ ವಿಜ್ಞಾನಿ. ದೇಶದಲ್ಲೇ ಹಳೆಯ ಮ್ಯೂಸಿಯಂ ಇದು. ಚೌರಂಗಿಯ ಈಗಿನ ಬಿಳಿ ಕಟ್ಟಡಕ್ಕೆ ಜನರನ್ನು ಬಿಟ್ಟದ್ದು 1878ರಲ್ಲಿ.

ಇಲ್ಲಿ ಕಾಲದ ಪ್ರಕಾರ ಕಥೆ ಸಿಗುವುದಿಲ್ಲ. ಉಲ್ಕೆಯ ಕಲ್ಲು, ಆನೆಗಳ ಪೂರ್ವಜರ ಅಸ್ಥಿಪಂಜರ, ಈಜಿಪ್ಟಿನ ಮಮ್ಮಿ, ಗಾಂಧಾರದ ಬುದ್ಧ, ಔಷಧದ ಬೇರುಗಳು, ಬುಡಕಟ್ಟು ಜನರ ವಾದ್ಯಗಳು, ಎಲ್ಲ ಒಂದೇ ಸೂರಿನ ಕೆಳಗೆ. ಆ ಕಾಲದ ವಿದ್ವಾಂಸರಿಗೆ ಕಲ್ಲೂ ಇತಿಹಾಸವೇ, ಮೂಳೆಯೂ ಇತಿಹಾಸವೇ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ದೆಹಲಿಗಿಂತ ಇದೇ ಖುಷಿ ಕೊಡುತ್ತದೆ. ನನ್ನ ಮಗಳು ಅಸ್ಥಿಪಂಜರಗಳ ಹಾಲ್‌ನಿಂದ ಹೊರಗೆ ಬರಲು ಒಪ್ಪಲೇ ಇಲ್ಲ. ಅವಳನ್ನು ಅಲ್ಲೇ ಅವರಪ್ಪನ ಹತ್ತಿರ ಬಿಟ್ಟು ನಾನು ಭಾರ್‌ಹುತ್ ಗ್ಯಾಲರಿಗೆ ಹೋದೆ. ನೀವೂ ಹಾಗೆ ಮಾಡಬಹುದು.

ಕೋಲ್ಕತ್ತಕ್ಕೆ ಹೋಗುವುದಾದರೆ ಭಾರ್‌ಹುತ್‌ಗಾಗಿಯೇ ಹೋಗಿ ಅಂತ ನಾನು ಹೇಳುತ್ತೇನೆ. ಮಧ್ಯಪ್ರದೇಶದ ಸತ್ನಾ ಹತ್ತಿರದ ಸ್ತೂಪ ಅದು. 1873ರಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಂ ನೋಡುವ ಹೊತ್ತಿಗೆ ಸ್ತೂಪ ಹೆಚ್ಚುಕಡಿಮೆ ಹೋಗಿತ್ತು. ಸುತ್ತಲಿನ ಊರವರು ಮನೆ ಕಟ್ಟೋಕೆ ಇಟ್ಟಿಗೆ, ಕಲ್ಲು ಒಯ್ದಿದ್ದರು. ಉಳಿದ ಕಲ್ಲಿನ ಕಟಕಟೆ ಮತ್ತು ಒಂದು ತೋರಣ ದ್ವಾರವನ್ನು ಕೋಲ್ಕತ್ತಕ್ಕೆ ತಂದರು. ಕೆಂಪು ಕಲ್ಲು, ಆಳೆತ್ತರದ ಕಂಬಗಳು, ಕಂಬದ ನಡುವೆ ದುಂಡು ಪದಕಗಳು. ಒಂದೊಂದು ಪದಕದಲ್ಲಿ ಒಂದು ಕಥೆ. ಕಥೆಯ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಅಲ್ಲೇ ಕೆತ್ತಿದ್ದಾರೆ. ನೋಡುವವರಿಗೆ ತಿಳಿಯಲಿ ಅಂತ 2000 ವರ್ಷದ ಹಿಂದೆಯೇ ಹೆಸರು ಬರೆದಿಟ್ಟಿದ್ದಾರಲ್ಲ, ಅದನ್ನು ನೆನೆದರೆ ನನಗೆ ಈಗಲೂ ರೋಮಾಂಚನ.

ಅದರಲ್ಲಿ ಜೇತವನದ ಪದಕವನ್ನು ಹುಡುಕಿ. ಕಥೆ ನಿಮಗೆ ಗೊತ್ತಿರಬಹುದು. ಅನಾಥಪಿಂಡಿಕ ಅನ್ನುವ ಸಾಹುಕಾರ ಬುದ್ಧನಿಗೆ ಕೊಡಲು ರಾಜಕುಮಾರ ಜೇತನ ತೋಟ ಕೇಳುತ್ತಾನೆ. ನೆಲದ ಮೇಲೆ ಎಷ್ಟು ನಾಣ್ಯ ಹಾಸಬಹುದೋ ಅಷ್ಟೇ ಬೆಲೆ ಅಂತ ಜೇತ ಹೇಳುತ್ತಾನೆ. ಪದಕದ ಒಂದು ಕಡೆ ಎತ್ತಿನ ಗಾಡಿ ನಿಂತಿದೆ. ಎತ್ತುಗಳ ನೊಗ ಬಿಚ್ಚಿ ಮಲಗಿಸಿದ್ದಾರೆ. ಒಬ್ಬ ಗಾಡಿಯಿಂದ ಇಳಿಸುತ್ತಿದ್ದಾನೆ. ಇಬ್ಬರು ಕೂತು ಚೌಕಾಕಾರದ ನಾಣ್ಯಗಳನ್ನು ಒಂದಕ್ಕೊಂದು ತಾಗಿಸಿ ಹಾಸುತ್ತಿದ್ದಾರೆ, ನಾವು ಅಂಗಳಕ್ಕೆ ಚಪ್ಪಡಿ ಹಾಸುವ ಹಾಗೆ. ನಡುವೆ ಸಾಹುಕಾರ ಕೈಯಲ್ಲಿ ಗಿಂಡಿ ಹಿಡಿದು ನಿಂತಿದ್ದಾನೆ. ಧಾರೆ ಎರೆಯುತ್ತಿದ್ದಾನೆ! ನಮ್ಮಲ್ಲಿ ಮದುವೆಗೆ ಇವತ್ತಿಗೂ ಧಾರೆ ಅನ್ನುತ್ತೇವೆ. ನೀರು ಬಿಟ್ಟು ಕೊಟ್ಟರೆ ಕೊಟ್ಟ ಹಾಗೆ. ಆ ಮಾತು ಎಷ್ಟು ಹಳೆಯದು ಅಂತ ಆ ಕಲ್ಲಿನ ಮುಂದೆ ನಿಂತಾಗ ನನಗೆ ಹೊಳೆಯಿತು. ಬುದ್ಧ ಎಲ್ಲಿ ಅಂತ ಹುಡುಕಬೇಡಿ. ಆಗಿನ್ನೂ ಬುದ್ಧನನ್ನು ಮನುಷ್ಯ ರೂಪದಲ್ಲಿ ಕೆತ್ತುತ್ತಿರಲಿಲ್ಲ. ಮರ, ಚಕ್ರ, ಪಾದದ ಗುರುತು ಕಂಡರೆ ಅಲ್ಲಿ ಅವನಿದ್ದಾನೆ ಅಂತ ತಿಳಿದುಕೊಳ್ಳಬೇಕು.

ಆಮೇಲೆ ಗಾಂಧಾರ ಗ್ಯಾಲರಿಗೆ ಹೋಗಿ. ಅಲ್ಲಿ ಬುದ್ಧ ಗುಂಗುರು ಕೂದಲು, ನೆರಿಗೆ ನೆರಿಗೆಯಾದ ಬಟ್ಟೆಯಲ್ಲಿ ಎದುರಿಗೇ ನಿಂತಿದ್ದಾನೆ. ಎರಡನ್ನೂ ಒಂದೇ ದಿನ ನೋಡಿದರೆ ನಡುವಿನ ಬದಲಾವಣೆ ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ.

ಸಿದ್ಧರಾಗಿ ಹೋಗಬೇಕಾದ ಸಂಗತಿಯೂ ಇದೆ. ಕಟ್ಟಡ ಹಳೆಯದು, ಉದ್ದುದ್ದ ಪಡಸಾಲೆಗಳು, ಎತ್ತರದ ಮಹಡಿ. ಏಪ್ರಿಲ್, ಮೇ ತಿಂಗಳಲ್ಲಿ ಕೋಲ್ಕತ್ತದ ಸೆಕೆ ತಡೆಯೋದು ಕಷ್ಟ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಚಳಿಗಾಲದ ಭಾನುವಾರಗಳಲ್ಲಿ ಮಾತ್ರ ಜನವೋ ಜನ.

ಹೈದರಾಬಾದ್: ಮನೆಮಂದಿಗೆಲ್ಲ

ಸಾಲಾರ್ ಜಂಗ್ ಮನೆತನದವರು ನಿಜಾಮರ ದಿವಾನರಾಗಿದ್ದವರು. ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಹುದ್ದೆ ಬಿಟ್ಟ ಮೇಲೆ ಉಳಿದ ಆಯುಷ್ಯವನ್ನೆಲ್ಲ ವಸ್ತು ಕೂಡಿಸುವುದಕ್ಕೇ ಕೊಟ್ಟರು. ಮದುವೆಯಾಗಲಿಲ್ಲ. 1949ರಲ್ಲಿ ತೀರಿಕೊಂಡರು. 1951ರಲ್ಲಿ ಅವರ ಅರಮನೆಯಲ್ಲೇ ಮ್ಯೂಸಿಯಂ ತೆರೆಯಿತು. 1961ರ ಕಾಯ್ದೆಯಲ್ಲಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಅಂತ ಸಾರಿದರು. ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ.

ಭಾರತದ ಇತಿಹಾಸವನ್ನು ಕ್ರಮವಾಗಿ ತಿಳಿಯಬೇಕು ಅನ್ನುವವರಿಗೆ ಇದು ಸಾಲದು. ಯೂರೋಪಿನ ಗಡಿಯಾರ, ಚೀನಾದ ಪಿಂಗಾಣಿ, ಪರ್ಷಿಯಾದ ಜಮಖಾನೆ ಎಲ್ಲ ಇವೆ. ಆದರೆ ಬೇಸರ ಅನ್ನುವುದು ಇಲ್ಲಿಲ್ಲ. ಅಮೃತಶಿಲೆಯ ರೆಬೆಕಾ ಎದುರು ನಿಲ್ಲಿ. ಇಟಲಿಯ ಶಿಲ್ಪಿ ಬೆಂಜೋನಿ ಕೆತ್ತಿದ್ದು, 1876ರಲ್ಲಿ ಮೊದಲನೇ ಸಾಲಾರ್ ಜಂಗ್ ಕೊಂಡು ತಂದದ್ದು. ಮುಖದ ಮೇಲಿನ ತೆಳು ಸೆರಗೂ ಕಲ್ಲೇ, ಒಳಗೆ ಕಾಣುವ ಮುಖವೂ ಅದೇ ಕಲ್ಲು. ಸಂಗೀತ ಗಡಿಯಾರದ ಮುಂದೆ ಗಂಟೆ ಹೊಡೆಯುವ ಹೊತ್ತಿಗೆ ಜನ ಸೇರಿ ಕೂತಿರುತ್ತಾರೆ. ಪುಟ್ಟ ಗಡ್ಡದವನೊಬ್ಬ ಬಾಗಿಲು ತೆಗೆದು ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತಾನೆ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಹನ್ನೆರಡು ಏಟು. ಮಕ್ಕಳಿದ್ದರೆ ಇದನ್ನು ನೋಡಿಕೊಂಡೇ ಹೊತ್ತು ಗೊತ್ತು ಮಾಡಿ.

ನಮ್ಮವರಿಗೆ ಇಲ್ಲಿ ಬಿದ್ರಿ ಇದೆ. ಹುಕ್ಕಾ, ಪಾನ್‌ದಾನ್, ಹೂಜಿ, ತಟ್ಟೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಗೀರಿದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಕಲಸಿದ ನೀರಿನಲ್ಲಿ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೀದರಿನ ಅಂಗಡಿಯಲ್ಲಿ ಸಣ್ಣ ಪೆಟ್ಟಿಗೆ, ಬಳೆ ನೋಡಿದವರು ಇಲ್ಲಿನ ಹಳೆಯ ಹುಕ್ಕಾದ ಕುಸುರಿಯನ್ನು ಒಂದು ಸಲ ಹತ್ತಿರದಿಂದ ನೋಡಬೇಕು. ದಂತದ ಕುರ್ಚಿಗಳೂ ಇವೆ, ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ಟಿಪ್ಪುವಿಗೆ ಕಳಿಸಿದ್ದು ಅನ್ನುತ್ತಾರೆ.

ಬೀದರ್, ಕಲಬುರಗಿ, ರಾಯಚೂರಿನವರು ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು. ಬೆಂಗಳೂರಿನಿಂದಾದರೆ ರಾತ್ರಿ ಬಸ್ಸು, ರೈಲು ಬೇಕಾದಷ್ಟಿವೆ. ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದರೆ ಮ್ಯೂಸಿಯಂ ಆಟೊದಲ್ಲಿ ಸ್ವಲ್ಪ ದೂರ. ಚಾರ್‌ಮಿನಾರ್ ಕೂಡ ಪಕ್ಕದಲ್ಲೇ.

ಮುಂಬೈ ಯಾಕೆ ಬಿಟ್ಟಿರಿ ಅಂತ ಕೇಳಬಹುದು. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಟ್ರಸ್ಟ್ ನಡೆಸುವುದು, ಅದಕ್ಕೇ ಈ ಮೂರರ ಸಾಲಿಗೆ ಸೇರಿಸಲಿಲ್ಲ. ಆದರೆ ಮುಂಬೈಗೆ ಹೇಗೂ ಹೋಗುತ್ತೀರಾದರೆ ಖಂಡಿತ ಹೋಗಿ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಚಾವಣಿಯ ಬ್ರಹ್ಮ, ವಿಷ್ಣು, ಶಿವ ಅಲ್ಲಿದ್ದಾರೆ. ಗುಡಿಯಲ್ಲಿದ್ದಾಗ ಕತ್ತು ಎತ್ತಿ ನೋಡಬೇಕಿದ್ದ ಕೆತ್ತನೆ ಈಗ ಕಣ್ಣಿನ ನೇರಕ್ಕೇ ಸಿಗುತ್ತದೆ.

ಹಾಗಾದರೆ ಯಾವುದು?

ದೊಡ್ಡ ತರಗತಿಯ ಮಕ್ಕಳಿದ್ದರೆ ದೆಹಲಿ. ಪಾಠದಲ್ಲಿ ಓದಿದ್ದು ಕಣ್ಣಿಗೆ ಬೀಳುತ್ತದೆ. ಚಿಕ್ಕವರಿದ್ದರೆ ಕೋಲ್ಕತ್ತ ಅಥವಾ ಹೈದರಾಬಾದ್. ಮಂಡಿನೋವಿನ ಅತ್ತೆ, ಅಮ್ಮ ಜೊತೆಗಿದ್ದರೆ ಹೈದರಾಬಾದ್. ಪ್ರಯಾಣ ಹತ್ತಿರ, ಒಂದೊಂದು ವಸ್ತುವೂ ವಿವರಣೆ ಇಲ್ಲದೆ ಮನಸ್ಸಿಗೆ ಹಿಡಿಸುತ್ತದೆ. ದೆಹಲಿಯಲ್ಲೂ ಲಿಫ್ಟ್, ಗಾಲಿಕುರ್ಚಿ ಸಿಗುತ್ತವೆ, ಕೇಳಲು ಸಂಕೋಚ ಬೇಡ. ಒಬ್ಬರೇ ಹೋಗುತ್ತೀರಿ, ಇಡೀ ದಿನ ನಿಮ್ಮದೇ ಅಂದರೆ ಎರಡನೇ ಯೋಚನೆ ಮಾಡದೆ ಕೋಲ್ಕತ್ತ. ಶಿಲ್ಪ ನೋಡುವ ಅಭ್ಯಾಸ ಇದ್ದವರಿಗಂತೂ ಭಾರ್‌ಹುತ್ ಒಂದಕ್ಕೇ ಮೂರು ಗಂಟೆ ಸಾಲುವುದಿಲ್ಲ. ಮೊದಲ ಸಲ ದೊಡ್ಡ ಮ್ಯೂಸಿಯಂ ನೋಡುವವರಿಗೆ ನನ್ನ ಸಲಹೆ ದೆಹಲಿಯೇ. ಅಲ್ಲಿಂದ ಬಂದವರಿಗೆ ಉಳಿದ ಎರಡೂ ಸಲೀಸಾಗುತ್ತವೆ.

ಹೊರಡುವ ಮುಂಚೆ ವಾರ ನೋಡಿಕೊಳ್ಳಿ. ದೆಹಲಿ, ಕೋಲ್ಕತ್ತ ಎರಡಕ್ಕೂ ಸೋಮವಾರ ರಜೆ. ಹೈದರಾಬಾದಿಗೆ ಶುಕ್ರವಾರ. ದೂರದಿಂದ ಬಂದು ಮುಚ್ಚಿದ ಗೇಟಿನ ಮುಂದೆ ನಿಂತ ಕುಟುಂಬಗಳನ್ನು ನಾನೇ ಕಂಡಿದ್ದೇನೆ. ಆ ಮಕ್ಕಳ ಮುಖ ನೋಡಲಾಗುವುದಿಲ್ಲ. ದೆಹಲಿಯ ಸಂಗ್ರಹಕ್ಕೆ ಕೇಂದ್ರ ಸರ್ಕಾರದ ಕಚೇರಿ ಕಟ್ಟಡಗಳಾದ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ನಲ್ಲಿ ‘ಯುಗೇ ಯುಗೀನ್ ಭಾರತ್’ ಅನ್ನುವ ಹೊಸ ಮ್ಯೂಸಿಯಂ ಮಾಡುವ ಯೋಜನೆ ಇದೆ. ಹಾಗಾಗಿ ಟಿಕೆಟ್ ಬುಕ್ ಮಾಡುವ ಮೊದಲು ವೆಬ್‌ಸೈಟಿನಲ್ಲಿ ಯಾವ ಗ್ಯಾಲರಿ ತೆರೆದಿದೆ ಅಂತ ಒಮ್ಮೆ ನೋಡಿ. ದೆಹಲಿಗೆ ಸೆಂಟ್ರಲ್ ಸೆಕ್ರೆಟೇರಿಯೆಟ್, ಕೋಲ್ಕತ್ತಕ್ಕೆ ಪಾರ್ಕ್ ಸ್ಟ್ರೀಟ್ ಮೆಟ್ರೊ ನಿಲ್ದಾಣದಲ್ಲಿ ಇಳಿಯಿರಿ, ನಡೆದೇ ಹೋಗಬಹುದು.

ಮೂರು ಕಡೆಯೂ ಭಾರತೀಯರಿಗೆ ಟಿಕೆಟ್ ದುಬಾರಿಯಲ್ಲ, ವಿದೇಶಿಯರಿಗೆ ದರ ಬೇರೆ. ಅಮೆರಿಕದಿಂದಲೋ ದುಬೈನಿಂದಲೋ ರಜೆಗೆ ಬರುವ ನಮ್ಮವರು ಒಂದು ವಿಷಯ ತಿಳಿದಿರಲಿ. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದವರಿಗೆ ಮ್ಯೂಸಿಯಂ ಪ್ರವೇಶಕ್ಕೆ ಭಾರತೀಯರ ದರವೇ ಅನ್ವಯ ಅಂತ 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. ಪಾಸ್‌ಪೋರ್ಟ್ ಜೊತೆ ಆ ಕಾರ್ಡನ್ನೂ ಕೈಯಲ್ಲಿ ಇಟ್ಟುಕೊಂಡಿರಿ, ಕೌಂಟರಿನಲ್ಲಿ ತೋರಿಸಿ.

ದೊಡ್ಡ ಬ್ಯಾಗನ್ನು ಹೋಟೆಲಿನಲ್ಲೇ ಬಿಟ್ಟು, ಹೊಟ್ಟೆ ತುಂಬ ತಿಂಡಿ ತಿಂದು, ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ. ಶಾಲೆ ಮಕ್ಕಳ ಬಸ್ಸುಗಳು ಬರುವ ಮೊದಲು ಒಂದು ಗಂಟೆ ಸಿಗುತ್ತದೆ. ಆ ಒಂದು ಗಂಟೆಯಲ್ಲಿ ನರ್ತಕಿಯ ಗಾಜಿನ ಮುಂದೆಯೋ ಜೇತವನದ ಪದಕದ ಮುಂದೆಯೋ ನೀವೊಬ್ಬರೇ ನಿಲ್ಲಬಹುದು.